ಫಾರ್ಮ್ಯಾಟ್ ಮಾಡೆನ್ನುವ ಮೆಮರಿ ಕಾರ್ಡಿನಿಂದ ಕುಬಸದ ಫೋಟೋಗಳನ್ನು ಮರಳಿ ಪಡೆಯಬಹುದೇ?

ಸಿಂಧನೂರಿನಲ್ಲಿ ಅಕ್ಕನ ಕುಬಸ (ಸೀಮಂತ) ಮುಗಿದ ಮರುದಿನ ಕ್ಯಾಮೆರಾದ 32 ಜಿಬಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ ‘ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬರುತ್ತಿದೆ, ಕ್ಯಾಮೆರಾ ಕೂಡ ಕಾರ್ಡನ್ನು ಓದುತ್ತಿಲ್ಲ, ಪರಿಚಯದವರೊಬ್ಬರು ವಿಂಡೋಸ್‌ನ ಡಿಸ್ಕ್ ದುರಸ್ತಿ ತಂತ್ರಾಂಶವಾದ ಚೆಕ್‌ಡಿಸ್ಕ್ ಓಡಿಸಿ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಎರಡನ್ನೂ ಮಾಡಬೇಡಿ. ಕಾರ್ಡನ್ನು ಈಗಲೇ ಹೊರತೆಗೆದು, ಅದರ ಎಡಬದಿಯ ಸಣ್ಣ ಕೀಲಿಯನ್ನು ‘ಲಾಕ್’ ಎಂದು ಬರೆದ ಕಡೆಗೆ ಸರಿಸಿ, ಒಂದು ಡಬ್ಬಿಯಲ್ಲಿಟ್ಟು, ಆಮೇಲೆ ಮುಂದಿನದನ್ನು ಓದಿ. ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಫೋಟೋಗಳಲ್ಲಿ ಬಹುಪಾಲು ಇನ್ನೂ ಕಾರ್ಡಿನಲ್ಲಿಯೇ ಇವೆ ಎಂದು ನನಗೆ ಅನ್ನಿಸುತ್ತದೆ.

ನಾನು ಕೊಪ್ಪಳದಲ್ಲಿ ಸಣ್ಣದೊಂದು ಸ್ಟುಡಿಯೋ ನಡೆಸುತ್ತೇನೆ. ಈ ವಿಷಯವನ್ನು ನಾನು ಕಲಿತದ್ದು ಒಂದು ಮದುವೆಯ ಫೋಟೋಗಳನ್ನು ಕಳೆದುಕೊಂಡ ಮೇಲೆ. ಯಲಬುರ್ಗಾ ತಾಲ್ಲೂಕಿನ ಒಂದು ಊರಿನಲ್ಲಿ ಬೆಳಿಗ್ಗೆ ಅರಿಷಿಣ, ಸುರಗಿ ಶಾಸ್ತ್ರ ಎಲ್ಲವನ್ನೂ ತೆಗೆದು, ಇನ್ನೇನು ಅಕ್ಷತೆ ಬೀಳಬೇಕು ಎನ್ನುವ ಹೊತ್ತಿಗೆ ಕ್ಯಾಮೆರಾದ ಪರದೆಯ ಮೇಲೆ ಕಾರ್ಡ್ ದೋಷದ ಸಂದೇಶ ಬಂದಿತು. ನನ್ನ ಬಳಿ ಇದ್ದದ್ದು ಅದೊಂದೇ ಕಾರ್ಡ್. ಮುಂದಿನ ಫೋಟೋಗಳಾದರೂ ಉಳಿಯಲಿ ಎಂದು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ, ಅಕ್ಷತೆಯದು ಸುಮಾರು ನಲವತ್ತು ಫೋಟೋ ತೆಗೆದೆ. ಆಮೇಲೆ ರಿಕವರಿ ಮಾಡಿದಾಗ ಹಿಂದಿನ ಫೋಟೋಗಳು ನೂರಾರು ಬಂದವು, ಆದರೆ ದಿನದ ಮೊದಲ ನಲವತ್ತು ಮಾತ್ರ ಬರಲಿಲ್ಲ. ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಕ್ಯಾಮೆರಾ ಮತ್ತೆ ಮೊದಲಿನಿಂದ ಬರೆಯತೊಡಗುವುದರಿಂದ, ಅಕ್ಷತೆಯ ಒಂದೊಂದು ಫೋಟೋ ಸುರಗಿಯ ಒಂದೊಂದು ಫೋಟೋದ ಮೇಲೆಯೇ ಹೋಗಿ ಕೂತಿತ್ತು. ಮದುಮಗಳ ತಾಯಿ ಸುರಗಿಯ ಫೋಟೋ ಒಂದಾದರೂ ಇದೆಯೇ ಎಂದು ಮೂರು ಸಲ ಬಂದು ಕೇಳಿದರು. ಫಾರ್ಮ್ಯಾಟ್ ಮಾಡಿದ್ದಕ್ಕೇ ಅವು ಹೋಗಲಿಲ್ಲ, ಅದಾದ ಮೇಲೆ ಬರೆದದ್ದರಿಂದ ಹೋದವು. ಈ ವ್ಯತ್ಯಾಸ ಆ ದಿನ ನನಗೆ ಗೊತ್ತಿದ್ದರೆ ಊರಿನಲ್ಲಿ ಯಾರದಾದರೂ ಮೊಬೈಲಿನ ಕಾರ್ಡನ್ನಾದರೂ ಬೇಡಿ ತರುತ್ತಿದ್ದೆ.

ಒಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಯಾರ ಸಲಹೆ ಸರಿ, ಯಾರದು ತಪ್ಪು ಎಂದು ನೀವೇ ನಿರ್ಧರಿಸಬಲ್ಲಿರಿ. 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿರುತ್ತವೆ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್‌ನಲ್ಲಿ. ಕಾರ್ಡಿನ ಆರಂಭದ ಸ್ವಲ್ಪ ಜಾಗದಲ್ಲಿ ಯಾವ ಫೋಟೋ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬ ದಾಖಲೆ ಇರುತ್ತದೆ. ಉಳಿದ ಜಾಗವೆಲ್ಲ ಫೋಟೋಗಳದು. ಇದನ್ನು ಪಹಣಿ ಮತ್ತು ಹೊಲ ಎಂದು ತಿಳಿದುಕೊಳ್ಳಿ. ಪಹಣಿ ಹರಿದುಹೋದರೆ ಹೊಲ ಎಲ್ಲಿಗೂ ಹೋಗುವುದಿಲ್ಲ, ಬೆಳೆಯೂ ನಿಂತೇ ಇರುತ್ತದೆ. ಆದರೆ ಪಹಣಿ ಇಲ್ಲದ ಹೊಲವನ್ನು ಖಾಲಿ ಎಂದು ತಿಳಿದು ಇನ್ನೊಬ್ಬರು ನೇಗಿಲು ಹೂಡಿದರೆ ಹಿಂದಿನ ಬೆಳೆ ಉಳಿಯುವುದಿಲ್ಲ. ಫೋಟೋ ಬರೆಯುತ್ತಿರುವಾಗ ಬ್ಯಾಟರಿ ಮುಗಿದರೆ, ಅಥವಾ ಕೆಂಪು ದೀಪ ಉರಿಯುತ್ತಿರುವಾಗಲೇ ಕಾರ್ಡನ್ನು ಎಳೆದರೆ, ಹೆಚ್ಚಾಗಿ ಕೆಡುವುದು ಈ ದಾಖಲೆ. ಚೆಕ್‌ಡಿಸ್ಕ್ ಮಾಡುವುದು ಏನೆಂದರೆ, ಆ ಹರಿದ ದಾಖಲೆಯನ್ನು ತನಗೆ ತೋಚಿದಂತೆ ತಿದ್ದಿ ಕಾರ್ಡಿನ ಮೇಲೆಯೇ ಬರೆಯುವುದು. ಕೆಲವೊಮ್ಮೆ ಅದರಿಂದ ಕಾರ್ಡ್ ಸರಿಯಾಗುತ್ತದೆ, ನಿಜ. ಸರಿಯಾಗದಿದ್ದಾಗ ಫೋಟೋಗಳ ಬದಲು ಸಿಎಚ್‌ಕೆ ಎಂಬ ಬಾಲದ ಹೆಸರಿನ ತುಂಡುಗಳು ಕೈಗೆ ಬರುತ್ತವೆ, ಹಿಂದಿನ ಸ್ಥಿತಿಗೆ ಮರಳಲು ದಾರಿ ಇರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಫೋಟೋ ಹುಡುಕುವುದಲ್ಲ, ಇಡೀ ಕಾರ್ಡಿನ ಯಥಾಪ್ರತಿಯನ್ನು ತೆಗೆಯುವುದು. ಕಾರ್ಡಿನ ಜಾಗ ಸೆಕ್ಟರ್ ಎಂಬ ಸಣ್ಣ ತುಣುಕುಗಳಾಗಿ ಹಂಚಿರುತ್ತದೆ. ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇರುವುದೆಲ್ಲವೂ ಲ್ಯಾಪ್‌ಟಾಪಿನಲ್ಲಿ ಒಂದೇ ಕಡತವಾಗಿ ಕೂರುತ್ತದೆ. ಇದನ್ನು ಇಮೇಜ್ ಎನ್ನುತ್ತಾರೆ. ಲ್ಯಾಪ್‌ಟಾಪಿನಲ್ಲಿ ಇಮೇಜಿಗೆ 32 ಜಿಬಿ, ಮರಳಿ ಬರುವ ಫೋಟೋಗಳಿಗೆ ಅಷ್ಟೇ, ಒಟ್ಟು 64 ಜಿಬಿ ಜಾಗ ಖಾಲಿ ಇರಲಿ. ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್ ಎಂಬ ಉಚಿತ ತಂತ್ರಾಂಶ ಸಾಕು. ಕಾರ್ಡ್ ಹಾಕಿದ ಕೂಡಲೇ ಬರುವ ಫಾರ್ಮ್ಯಾಟ್ ಕಿಟಕಿಯಲ್ಲಿ ‘ಕ್ಯಾನ್ಸಲ್’ ಒತ್ತಿ, ತಂತ್ರಾಂಶದಲ್ಲಿ ಕಾರ್ಡಿನ ಡ್ರೈವ್ ಅಕ್ಷರವನ್ನು ಆರಿಸಿ, ‘ರೀಡ್’ ಗುಂಡಿಯನ್ನು ಒತ್ತಬೇಕು. ಅದರ ಪಕ್ಕದಲ್ಲಿಯೇ ‘ರೈಟ್’ ಗುಂಡಿಯೂ ಇದೆ. ಅದನ್ನು ಒತ್ತಿದರೆ ಎಲ್ಲವೂ ಅಳಿಸಿಹೋಗುತ್ತದೆ. ನಾನು ಒತ್ತುವ ಮೊದಲು ಇಂದಿಗೂ ಆ ಅಕ್ಷರಗಳನ್ನು ಬೆರಳಿಟ್ಟು ಓದುತ್ತೇನೆ. ಲಾಕ್ ಕೀಲಿಯೊಂದನ್ನೇ ನಂಬಬೇಡಿ, ಏಕೆಂದರೆ ಅದು ಕಾರ್ಡಿನೊಳಗಿನ ಯಾವುದನ್ನೂ ತಡೆಯುವುದಿಲ್ಲ, ಬರೆಯಬೇಡ ಎಂದು ರೀಡರಿಗೆ ಸೂಚನೆ ಕೊಡುತ್ತದೆ ಅಷ್ಟೇ. ನಿಮ್ಮದು ಮೈಕ್ರೋ ಎಸ್‌ಡಿ ಕಾರ್ಡ್ ಆಗಿದ್ದರೆ ಕೀಲಿ ಇರುವುದು ಅಡಾಪ್ಟರಿನ ಮೇಲೆ.

ನಡುವೆ ಓದುವಿಕೆ ನಿಂತುಹೋಗಿ ದೋಷ ತೋರಿಸಿದರೆ ಕಾರ್ಡಿನ ಕೆಲವು ಸೆಕ್ಟರುಗಳು ಸತ್ತಿವೆ ಎಂದರ್ಥ. ಆಗ ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಇರುವ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಶುರು ಮಾಡಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಬಳಸಬೇಕು. ಅದು ಮೊದಲು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ತೆಗೆದುಕೊಂಡು, ಕೆಟ್ಟ ಭಾಗಗಳನ್ನು ಕೊನೆಗೆ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಮ್ಮ ಕಡೆಯವರಿಗೆ ಇದರ ಇನ್ನೊಂದು ಗುಣ ಬಹಳ ಉಪಯೋಗದ್ದು: ಎಲ್ಲಿಯವರೆಗೆ ಓದಿದೆ ಎಂಬುದನ್ನು ಮ್ಯಾಪ್ ಕಡತವೊಂದರಲ್ಲಿ ಬರೆದಿಡುವುದರಿಂದ, ಆ ಕಡತವನ್ನು ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಉಳಿಸಿದ್ದರೆ, ಅರ್ಧರಾತ್ರಿಯಲ್ಲಿ ಕರೆಂಟು ಹೋದರೂ ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತದೆ. ಒಳ್ಳೆಯ ಕಾರ್ಡಿಗೆ ಅರ್ಧ ಗಂಟೆಯೊಳಗೆ ಮುಗಿಯುವ ಈ ಕೆಲಸಕ್ಕೆ ಕೆಟ್ಟ ಕಾರ್ಡು ಒಂದಿಡೀ ರಾತ್ರಿ ತೆಗೆದುಕೊಂಡದ್ದನ್ನು ನೋಡಿದ್ದೇನೆ. ಡಿಡಿರೆಸ್ಕ್ಯೂಗೆ ಬರೆದುಕೊಡುವ ಆದೇಶದಲ್ಲಿ ಮೂಲ (ಕಾರ್ಡ್) ಮೊದಲು, ಗುರಿ (ಇಮೇಜ್ ಕಡತ) ನಂತರ. ಇದು ತಿರುಗುಮುರುಗಾಗದಂತೆ ನೋಡಿಕೊಳ್ಳಿ.

ಇಮೇಜ್ ಕೈಗೆ ಬಂದ ಮೇಲೆ ಕಾರ್ಡನ್ನು ಮುಟ್ಟುವ ಅಗತ್ಯವೇ ಇಲ್ಲ. ಮುಂದಿನದೆಲ್ಲ ಇಮೇಜಿನ ಮೇಲೆ, ಸಾಧ್ಯವಾದರೆ ಅದರ ಇನ್ನೊಂದು ಪ್ರತಿಯ ಮೇಲೆ. ಮೊದಲು, ಹರಿದ ದಾಖಲೆಯನ್ನು ಸರಿಪಡಿಸುವ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶದಿಂದ ನೋಡಿ. ಫ್ಯಾಟ್32 ತನ್ನ ಬೂಟ್ ಸೆಕ್ಟರಿನ (ಕಾರ್ಡಿನ ವ್ಯವಸ್ಥೆಯ ವಿವರವಿರುವ ಮೊದಲ ಸೆಕ್ಟರಿನ) ಒಂದು ನಕಲನ್ನು, ದಾಖಲೆಯ ಕೋಷ್ಟಕದ ಎರಡು ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ಮೊದಲನೆಯದು ಮಾತ್ರ ಕೆಟ್ಟಿದ್ದರೆ ಎರಡನೆಯದರ ಆಧಾರದಿಂದ ಫೋಟೋಗಳು ಹೆಸರಿನ ಸಮೇತ ಸಿಗುತ್ತವೆ. ಅದು ಆಗದಿದ್ದರೆ, ಅದೇ ಟೆಸ್ಟ್‌ಡಿಸ್ಕ್ ಬರೆದ ಕ್ರಿಸ್ತೋಫ್ ಗ್ರೆನಿಯೆ ಅವರದೇ ಫೋಟೋರೆಕ್ ಇದೆ. ಅದೂ ಉಚಿತ. ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳನ್ನು ನಾನೂ ಬಳಸಿದ್ದೇನೆ, ಫೋಟೋಗಳ ಮಟ್ಟಿಗೆ ಇದಕ್ಕಿಂತ ಹೆಚ್ಚಿನದು ನನಗೆ ಅವುಗಳಿಂದ ಸಿಕ್ಕಿಲ್ಲ.

ಫೋಟೋರೆಕ್ ದಾಖಲೆಯನ್ನು ನೋಡುವುದೇ ಇಲ್ಲ, ಹೊಲದಲ್ಲಿ ನೇರವಾಗಿ ನಡೆಯುತ್ತದೆ. ಜೆಪಿಜಿ ಫೋಟೋ ಪ್ರತಿಯೊಂದೂ ಎಫ್‌ಎಫ್ ಡಿ8 ಎಂಬ ಎರಡು ಬೈಟುಗಳಿಂದ ಶುರುವಾಗಿ ಎಫ್‌ಎಫ್ ಡಿ9 ಎಂಬಲ್ಲಿ ಮುಗಿಯುತ್ತದೆ. ಒಮ್ಮೆ ಕೆಟ್ಟ ಕಾರ್ಡಿನ ಇಮೇಜನ್ನು, ಕಡತದ ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡಿದ್ದೆ. ಪುಟಗಟ್ಟಲೆ ಅರ್ಥವಾಗದ ಅಂಕಿಗಳ ನಡುವೆ ಈ ಎರಡು ಬೈಟುಗಳು, ಅವುಗಳ ಹಿಂದೆಯೇ ಕ್ಯಾಮೆರಾ ಕಂಪನಿಯ ಹೆಸರು, ಮಾದರಿ, ಫೋಟೋ ತೆಗೆದ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ಓದಲು ಬರುವ ಅಕ್ಷರಗಳಲ್ಲಿ ಕಾಣಿಸಿಕೊಂಡವು. ಕಂಪ್ಯೂಟರು ಖಾಲಿ ಎನ್ನುತ್ತಿದ್ದ ಕಾರ್ಡಿನಲ್ಲಿ ಬೆಳಗಿನ ಒಂಬತ್ತು ಗಂಟೆಯ ಆ ಗಳಿಗೆ ಹಾಗೆಯೇ ಬರೆದುಕೊಂಡಿತ್ತು. ಕ್ಯಾಮೆರಾಗಳು ಖಾಲಿ ಕಾರ್ಡಿನ ಮೇಲೆ ಒಂದು ಫೋಟೋವನ್ನು ಸಾಮಾನ್ಯವಾಗಿ ಒಂದೇ ಪಟ್ಟಿಯಲ್ಲಿ ಬರೆಯುವುದರಿಂದ ಈ ವಿಧಾನ ಫೋಟೋಗಳಿಗೆ ಚೆನ್ನಾಗಿ ಒಗ್ಗುತ್ತದೆ. ತುಂಡುತುಂಡಾಗಿ ಬರೆಯಲಾದ ದೊಡ್ಡ ವಿಡಿಯೋಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಕಡತಗಳ ಆಯ್ಕೆಯಲ್ಲಿ ಜೆಪಿಜಿ ಇಡಿ, ರಾ ಫೋಟೋ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೋಟೋ) ತೆಗೆದಿದ್ದರೆ ಟಿಐಎಫ್ ಕೂಡ ಇಡಿ. ಅನೇಕ ಕ್ಯಾಮೆರಾಗಳ ರಾ ಕಡತಗಳು ಅದರಡಿಯೇ ಬರುತ್ತವೆ. ಹೊರಬರುವ ಫೋಟೋಗಳಿಗೆ ಹಳೆಯ ಹೆಸರು ಇರುವುದಿಲ್ಲ. ಹೊಸ ಹೆಸರು ‘ಟಿ’ ಅಕ್ಷರದಿಂದ ಶುರುವಾಗುವವು ಚಿಕ್ಕ ಥಂಬ್‌ನೇಲ್‌ಗಳು, ಅವನ್ನು ನೋಡಿ ಫೋಟೋಗಳೆಲ್ಲ ಸಣ್ಣವಾಗಿವೆ ಎಂದು ಗಾಬರಿಯಾಗಬೇಡಿ. ಪ್ರತಿ ಫೋಟೋದೊಳಗೆ ತೆಗೆದ ಸಮಯ ಇರುವುದರಿಂದ ಅದರ ಪ್ರಕಾರ ಜೋಡಿಸಿದರೆ ಉಡಿ ತುಂಬಿದ್ದು, ಆರತಿ, ಊಟ ಎಲ್ಲವೂ ಕ್ರಮವಾಗಿ ಬರುತ್ತವೆ. ಕೆಲವು ಫೋಟೋಗಳಲ್ಲಿ ಮುಖದವರೆಗೆ ಸರಿಯಾಗಿದ್ದು ಕೆಳಗೆ ಬೂದುಬಣ್ಣದ ಪಟ್ಟಿ ಕಾಣಿಸಬಹುದು. ಆ ಭಾಗದ ಸೆಕ್ಟರುಗಳು ಹೋಗಿವೆ, ಅದನ್ನು ತುಂಬಿಕೊಡುತ್ತೇವೆ ಎನ್ನುವವರು ಕೊಡುವುದು ಆ ದಿನದ ಫೋಟೋ ಅಲ್ಲ. ಆದರೆ ಹಾಳಾದದ್ದು ರಾ ಕಡತವಾಗಿದ್ದರೆ ಆಸೆ ಬಿಡಬೇಡಿ. ಹೆಚ್ಚಿನ ರಾ ಕಡತಗಳೊಳಗೆ ಪರದೆಯ ಮೇಲೆ ತೋರಿಸಲೆಂದು ಒಂದು ಜೆಪಿಜಿ ಅಡಗಿರುತ್ತದೆ, ಕೆಲವು ಕ್ಯಾಮೆರಾಗಳಲ್ಲಿ ಅದು ಪೂರ್ಣ ಗಾತ್ರದ್ದೇ ಆಗಿರುತ್ತದೆ. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಅದನ್ನು ಹೊರತೆಗೆದು ಆಲ್ಬಮ್ ಮಾಡಿಕೊಟ್ಟಿದ್ದೇನೆ.

ತಂತ್ರಾಂಶ ಕೈಕೊಡುವ ಸಂದರ್ಭ ಎರಡು. ಕಾರ್ಡ್ ರೀಡರಿಗೆ ಕಾರ್ಡೇ ಕಾಣದಿದ್ದರೆ, ಅಥವಾ ಗಾತ್ರ ಸೊನ್ನೆ ಎಂದು ತೋರಿಸಿದರೆ, ಕೆಟ್ಟಿರುವುದು ಕಾರ್ಡಿನ ಓದು-ಬರಹವನ್ನು ನಡೆಸುವ ಒಳಗಿನ ಕಂಟ್ರೋಲರ್ ಚಿಪ್. ಹಾಗೆಂದು ತೀರ್ಮಾನಿಸುವ ಮೊದಲು ಬೇರೆ ರೀಡರಿನಲ್ಲಿ ಹಾಕಿ ನೋಡಿ, ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ನಮ್ಮ ಧೂಳಿನಲ್ಲಿ ಅಷ್ಟರಿಂದಲೇ ಸರಿಹೋದ ಕಾರ್ಡುಗಳೂ ಇವೆ. ಆಗಲೂ ಕಾಣದಿದ್ದರೆ ಫೋಟೋಗಳಿರುವ ಮೆಮರಿ ಚಿಪ್‌ನಿಂದ ನೇರವಾಗಿ ಓದುವ ಪ್ರಯೋಗಾಲಯವೇ ಬೇಕು, ನಿಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಎರಡನೆಯದು ನಕಲಿ ಕಾರ್ಡ್. ಬಳ್ಳಾರಿಯಿಂದ ಬಂದ ಒಬ್ಬ ಹುಡುಗನ 64 ಜಿಬಿ ಕಾರ್ಡಿನಲ್ಲಿ ನಿಜವಾಗಿ ಇದ್ದದ್ದು 8 ಜಿಬಿ. ಅದರ ಆಚೆಗೆ ಬರೆದ ಫೋಟೋಗಳಿಗೆ ಹೆಸರಿತ್ತು, ಗಾತ್ರವಿತ್ತು, ಒಳಗೆ ಏನೂ ಇರಲಿಲ್ಲ. ಅವು ಬರೆದೇ ಇರಲಿಲ್ಲವಾದ್ದರಿಂದ ಯಾರಿಗೂ ತೆಗೆಯಲಾಗದು. ಹೊಸ ಕಾರ್ಡ್ ಕೊಂಡ ದಿನವೇ, ಖಾಲಿ ಇರುವಾಗಲೇ, ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಪರೀಕ್ಷಾ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ.

ಅಂಗಡಿಗೆ ಒಪ್ಪಿಸುವುದಾದರೆ ಇನ್ನೊಂದು ಮಾತು. ರಿಕವರಿಯಲ್ಲಿ ನೀವು ಕೇಳಿದ ಕುಬಸ ಮಾತ್ರ ಬರುವುದಿಲ್ಲ, ಆ ಕಾರ್ಡಿನಲ್ಲಿ ಹಿಂದೆ ಅಳಿಸಿದ ಮನೆಯೊಳಗಿನ ಫೋಟೋಗಳೂ ಬರುತ್ತವೆ. ಆದ್ದರಿಂದ ಎದುರಿಗೆ ಕೂತು ಮಾಡಿಸಿ, ಅವರ ಕಂಪ್ಯೂಟರಿನಲ್ಲಿ ಉಳಿದ ಇಮೇಜನ್ನು ಅಳಿಸಿದ್ದನ್ನು ಕಣ್ಣಾರೆ ನೋಡಿ ಎದ್ದು ಬನ್ನಿ.

ಈಗ ನಿಮ್ಮಿಂದ ಎರಡು ವಿಷಯ ತಿಳಿಯಬೇಕು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಏನನ್ನೂ ಒತ್ತದೆ, ಅಲ್ಲಿ ಕಾರ್ಡಿನ ಗಾತ್ರ ಎಷ್ಟು ತೋರಿಸುತ್ತಿದೆ ಎಂದು ನೋಡಿ. ವಿಂಡೋಸ್ ಎಣಿಸುವ ರೀತಿಯಲ್ಲಿ 32 ಜಿಬಿ ಕಾರ್ಡ್ ಸ್ವಲ್ಪ ಕಡಿಮೆಯೇ ಕಾಣುತ್ತದೆ, 29 ಜಿಬಿಯ ಆಸುಪಾಸು ಇದ್ದರೆ ಕಾರ್ಡಿನ ಗಾತ್ರ ಸರಿಯಾಗಿಯೇ ಓದುತ್ತಿದೆ ಎಂದರ್ಥ. ಹಾಗೆಯೇ, ದೋಷ ಕಾಣಿಸಿಕೊಂಡ ಮೇಲೆ ಆ ಕಾರ್ಡಿನಲ್ಲಿ ಒಂದಾದರೂ ಫೋಟೋ ತೆಗೆದಿದ್ದೀರಾ ಎಂಬುದನ್ನು ನೆನಪಿಸಿಕೊಂಡು ಬರೆಯಿರಿ. ಇಮೇಜ್ ತೆಗೆಯುವಾಗ ಎಲ್ಲಿಯಾದರೂ ನಿಂತರೆ, ನಿಂತಲ್ಲಿ ಬಂದ ಸಂದೇಶವನ್ನು ಇದ್ದಂತೆಯೇ ಇಲ್ಲಿ ಹಾಕಿ, ಮುಂದಿನದನ್ನು ಹೇಳುತ್ತೇನೆ.