ಅಟ್ಟದಲ್ಲಿ ಸಿಕ್ಕ ಕ್ಲಾಸಿಕ್ಸ್: ಮೊದಲು ಪುಸ್ತಕ ಮಗುಚಿ ನೋಡಿ

ನಮಸ್ಕಾರ. ಚಿಕ್ಕಪ್ಪನವರ ಅಟ್ಟದ ಪೆಟ್ಟಿಗೆಯಲ್ಲಿ ಹನ್ನೊಂದು 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್' (ಹೆಸರಾಂತ ಕಾದಂಬರಿಗಳನ್ನು ಚಿತ್ರಗಳಲ್ಲಿ ಹೇಳುವ ಅಮೆರಿಕದ ಕಾಮಿಕ್ಸ್ ಮಾಲೆ) ಸಿಕ್ಕಿವೆ, ಇವು ಮೊದಲ ಮುದ್ರಣವೇ, ಲ್ಯಾಮಿನೇಷನ್ ಮಾಡಿಸಲೇ, ಏಳನೇ ತರಗತಿಯ ಮಗಳಿಗೆ ಓದಲು ಕೊಡಬಹುದೇ ಎಂದು ಕೇಳಿದ್ದೀರಿ. ಲ್ಯಾಮಿನೇಷನ್ ಮಾತ್ರ ದಯವಿಟ್ಟು ಬೇಡ. ಮಾಡಿಸಿಬಿಡಿ ಎಂದು ಇನ್ನೊಬ್ಬರು ನಿಮಗೆ ಕೊಟ್ಟಿರುವ ಸಲಹೆ ಓದಿ ನನಗೆ ರಾತ್ರಿ ಊಟ ರುಚಿಸಲಿಲ್ಲ.

ಮುದ್ರಣದ ವಿಷಯದಲ್ಲಿ ನಾನು ಬೇಸ್ತು ಬಿದ್ದ ಕತೆ ಕೇಳಿದರೆ ನಿಮ್ಮ ಅರ್ಧ ಕೆಲಸ ಮುಗಿಯುತ್ತದೆ. ವರ್ಷಗಳ ಹಿಂದೆ ಹಳೆಯ ಪುಸ್ತಕದ ವ್ಯಾಪಾರಿಯೊಬ್ಬರಿಂದ ಈ ಮಾಲೆಯ ಐದನೆಯ ಪುಸ್ತಕ 'ಮೊಬಿ ಡಿಕ್' ಕೊಂಡೆ. ಒಳಗೆ ಹಕ್ಕುಸ್ವಾಮ್ಯದ ವರ್ಷ 1942 ಎಂದಿತ್ತು. ಅದನ್ನೇ ನಂಬಿ ಕೇಳಿದಷ್ಟು ಹಣ ತೆತ್ತೆ. ಮನೆಗೆ ಬಂದು ಹಿಂಬದಿ ತಿರುಗಿಸಿದರೆ, ಅಂಚೆಯಲ್ಲಿ ತರಿಸಿಕೊಳ್ಳಬಹುದಾದ ಪುಸ್ತಕಗಳ ಪಟ್ಟಿ. ಅದರ ಕೊನೆಯ ಸಂಖ್ಯೆ 131. ಆ 131ನೆಯ ಪುಸ್ತಕ ಹೊರಬಂದದ್ದು 1956ರಲ್ಲಿ! ಮುಖಪುಟವೂ ಸಾಕ್ಷಿ ಹೇಳುತ್ತಲೇ ಇತ್ತು, ಆಸೆಗಣ್ಣಿಗೆ ಕಾಣಲಿಲ್ಲ ಅಷ್ಟೆ. 1941ರಲ್ಲಿ ಆಲ್ಬರ್ಟ್ ಕ್ಯಾಂಟರ್ ನ್ಯೂಯಾರ್ಕಿನಲ್ಲಿ 'ತ್ರೀ ಮಸ್ಕೆಟಿಯರ್ಸ್'ನಿಂದ ಈ ಮಾಲೆ ಶುರುಮಾಡಿದಾಗ ಅದರ ಹೆಸರು 'ಕ್ಲಾಸಿಕ್ ಕಾಮಿಕ್ಸ್'. ಈಗಿನ ಹೆಸರು ಬಂದದ್ದು 1947ರಲ್ಲಿ. ವರ್ಣಚಿತ್ರದ ಮುಖಪುಟಗಳು ಬಂದದ್ದು 1951ರಿಂದ ಈಚೆಗೆ. ಅದಕ್ಕೆ ಮೊದಲು ಬರೀ ರೇಖಾಚಿತ್ರಕ್ಕೆ ಬಣ್ಣ ತುಂಬುತ್ತಿದ್ದರು. ಹತ್ತು ಸೆಂಟಿನ ಬೆಲೆ ಹದಿನೈದಾದದ್ದೂ ಹೆಚ್ಚುಕಡಿಮೆ ಆಗಲೇ. ನನ್ನ ಪ್ರತಿಯಲ್ಲಿ ಹೊಸ ಹೆಸರು, ವರ್ಣಚಿತ್ರ, ಹದಿನೈದು ಸೆಂಟು ಮೂರೂ ಇದ್ದವು.

ಬೇರೆ ಕಾಮಿಕ್ಸ್ ತಿಂಗಳು ಕಳೆದರೆ ರದ್ದಿ. ಕ್ಯಾಂಟರ್ ಹಾಗಲ್ಲ, ಖಾಲಿಯಾದ ಪುಸ್ತಕವನ್ನು ಮತ್ತೆ ಮತ್ತೆ ಅಚ್ಚುಹಾಕಿಸುತ್ತಿದ್ದ. ಆದ್ದರಿಂದ ಪ್ರತಿಯ ವಯಸ್ಸು ಗೊತ್ತಾಗುವುದು ಆ ಪಟ್ಟಿಯ ಅತಿ ದೊಡ್ಡ ಸಂಖ್ಯೆಯಿಂದ. ಪುಸ್ತಕದ ಸ್ವಂತ ಸಂಖ್ಯೆಗೆ ಅದು ಹತ್ತಿರವಿದ್ದರೆ ಆಸೆ ಇಟ್ಟುಕೊಳ್ಳಿ, ಬಹಳ ದೂರವಿದ್ದರೆ ಮರುಮುದ್ರಣ. ಬೆಲೆ ಶಿಲ್ಲಿಂಗಿನಲ್ಲಿದ್ದರೆ ಅದು ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದ ಥಾರ್ಪ್ ಅಂಡ್ ಪೋರ್ಟರ್ ಅವರ ಆವೃತ್ತಿ. ಅದರ ಲೆಕ್ಕವೇ ಬೇರೆ, ಇನ್ನೊಮ್ಮೆ ಹೇಳುತ್ತೇನೆ.

ಇನ್ನು ಕಾಪಾಡುವ ವಿಚಾರ. ಲ್ಯಾಮಿನೇಷನ್ನಿನ ಬಿಸಿ ಮತ್ತು ಅಂಟು ಒಮ್ಮೆ ಹಿಡಿದರೆ ಬಿಡಿಸಲಾಗುವುದಿಲ್ಲ, ಕಾಗದದಲ್ಲಿರುವ ಆಮ್ಲ ಒಳಗೇ ಕುಳಿತು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸೆಲೋಟೇಪ್ ಕೂಡ ಬೇಡ, ಕೆಲವು ವರ್ಷಕ್ಕೆ ಕಂದು ಪಟ್ಟೆಯಾಗಿ ಉಳಿಯುತ್ತದೆ. ತುಕ್ಕು ಹಿಡಿದ ಪಿನ್ನುಗಳನ್ನು ಉಗುರಿನಲ್ಲಿ ಕೀಳಲು ಹೋಗಬೇಡಿ, ನಡುವಿನ ಹಾಳೆ ಪಿನ್ನಿನ ಜೊತೆಗೇ ಬರುತ್ತದೆ. ಬೂಷ್ಟಿನ ವಾಸನೆ ಇದ್ದರೆ ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಎರಡು ದಿನ ಬಿಡಿ, ಬಿಸಿಲು ಬೇಡ. ಆಮೇಲೆ ಮೃದುವಾದ ಒಣ ಬ್ರಷ್ಷಿನಿಂದ ಒರೆಸಿ, ಪಿವಿಸಿ ಅಲ್ಲದ, ಪಾಲಿಪ್ರೊಪಿಲೀನ್ ಚೀಲಕ್ಕೆ ಹಾಕಿ, ಬೆನ್ನಿಗೆ ಆಮ್ಲರಹಿತ ರಟ್ಟು ಕೊಟ್ಟು ಗಾಳಿಯಾಡುವ ಕಪಾಟಿನಲ್ಲಿಡಿ. ಅಟ್ಟಕ್ಕೆ ಮಾತ್ರ ವಾಪಸ್ ಬೇಡ. ನಿಮ್ಮ ಕಡೆಯ ಮಳೆಗಾಲ ನನಗೆ ಗೊತ್ತು.

ಮಗಳಿಗೆ ಖಂಡಿತ ಕೊಡಿ, ಮರುಮುದ್ರಣಗಳನ್ನು ಮುಟ್ಟಲು ಅಂಜಿಕೆ ಏಕೆ? ಆದರೆ ಒಂದೇ ಕತೆಗೆ ಎರಡು ಬಗೆಯ ಚಿತ್ರಗಳಿರಬಹುದು. 'ತ್ರೀ ಮಸ್ಕೆಟಿಯರ್ಸ್' ಅನ್ನು 1959ರಲ್ಲಿ ಚಿತ್ರಕಾರ ಜಾರ್ಜ್ ಎವಾನ್ಸ್ ಹೊಸದಾಗಿ ಚಿತ್ರಿಸಿದರು, ಓದಲು ಅದೇ ಚೆನ್ನ. ಮೊದಮೊದಲು 64 ಪುಟವಿದ್ದ ಪುಸ್ತಕ ಬರಬರುತ್ತಾ 48ಕ್ಕೆ ಇಳಿಯಿತು. ಅಷ್ಟರಲ್ಲಿ 'ಮೊಬಿ ಡಿಕ್' ಕಾದಂಬರಿಯಲ್ಲಿ ಮೆಲ್ವಿಲ್ ತಿಮಿಂಗಿಲಗಳ ಬಗ್ಗೆ ಬರೆದ ಅಧ್ಯಾಯಗಳೆಲ್ಲ ಎಲ್ಲಿ ಹಿಡಿದಾವು? ಇಷ್ಟು ಓದಿದಿರಿ, ಇನ್ನು ಗ್ರಂಥಾಲಯಕ್ಕೆ ಹೋಗಿ ಮೂಲ ಓದಿ ಎಂದು ಪ್ರಕಾಶಕರೇ ಕತೆಯ ಕೊನೆಗೆ ಹಾಕುತ್ತಿದ್ದರು. 26ನೆಯದು, 'ಫ್ರಾಂಕೆನ್‌ಸ್ಟೈನ್', ಪೆಟ್ಟಿಗೆಯಲ್ಲಿದ್ದರೆ ಮೊದಲು ಅದನ್ನೇ ಕೊಡಿ. ಸಿನಿಮಾದ ರಾಕ್ಷಸನನ್ನು ಬಿಟ್ಟು ಕಾದಂಬರಿಯ ದಾರಿಯಲ್ಲೇ ನಡೆಯುವ ಪುಸ್ತಕ ಅದು.

ಪೆಟ್ಟಿಗೆಯ ತಳ ಇನ್ನೂ ನೋಡಿಲ್ಲ ಎಂದಿದ್ದೀರಲ್ಲ, ಅಲ್ಲಿ ಕನ್ನಡದ ಸಿಂಡರೆಲಾ, ಪಿನೋಕಿಯೋ ಏನಾದರೂ ಇವೆಯೇ ಹುಡುಕಿ. ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಖ್ಯೆಗಳು ಕನ್ನಡದಲ್ಲಿ ಬಂದ ಇಂಥ ಪಾಶ್ಚಾತ್ಯ ಕತೆಗಳೇ, 'ಕೃಷ್ಣ' ಹನ್ನೊಂದನೆಯದು. ಅವುಗಳಲ್ಲಿ ಒಂದು ಸಿಕ್ಕರೂ ನಿಮ್ಮ ಹನ್ನೊಂದು ಕ್ಲಾಸಿಕ್ಸನ್ನೂ ಪಕ್ಕಕ್ಕಿಟ್ಟು ಮೊದಲು ನನಗೆ ಫೋಟೋ ಕಳುಹಿಸಿ. ಹಿಂಬದಿಯದೂ ಸೇರಿ.