ಅಡ್ಮಿನ್ ಪುಟದಲ್ಲಿ ಪುಸ್ತಕದ ಹೆಸರು ಕಾಣಲಿ

ಪ್ರಶ್ನೆ: ಊರಿನ ಗ್ರಂಥಾಲಯದ ಪುಸ್ತಕಗಳನ್ನು ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್) ದಾಖಲಿಸುತ್ತಿದ್ದೇನೆ. ಅಡ್ಮಿನ್ ಪಟ್ಟಿಯಲ್ಲಿ ಹೆಸರಿನ ಬದಲು ‘ಬುಕ್ ಆಬ್ಜೆಕ್ಟ್ (1)’, ‘ಬುಕ್ ಆಬ್ಜೆಕ್ಟ್ (2)’ ಅಂತಲೇ ಬರುತ್ತಿದೆ. ಡೇಟಾ ಹಾಳಾಗಿದೆಯಾ?
— ಓದುಗರು, ಸಾಗರ

ಉತ್ತರ: ಏನೂ ಹಾಳಾಗಿಲ್ಲ, ಗಾಬರಿ ಬೇಡ. ಏನು ತೋರಿಸಬೇಕು ಅಂತ ನೀವು ಹೇಳಿಲ್ಲ, ಹಾಗಾಗಿ ಜಾಂಗೋ ಮಾಡೆಲ್ (ದಾಖಲೆಯ ರೂಪ ಹೇಳುವ ಕ್ಲಾಸ್, ಇಲ್ಲಿ ‘ಬುಕ್’) ಹೆಸರು ಮತ್ತು ಐಡಿ ತೋರಿಸುತ್ತಿದೆ.

ಬುಕ್ ಕ್ಲಾಸಿನೊಳಗೆ ‘ಎಸ್‌ಟಿಆರ್’ ಮೆಥಡ್ ಬರೆಯಿರಿ. ಆ ಹೆಸರಿನ ಎರಡೂ ಬದಿಗೆ ಎರಡೆರಡು ಅಂಡರ್‌ಸ್ಕೋರ್ ಇರಲೇಬೇಕು. ಅದು ‘ಸೆಲ್ಫ್ ಡಾಟ್ ಟೈಟಲ್’ (ಆ ಪುಸ್ತಕದ ಹೆಸರು) ರಿಟರ್ನ್ ಮಾಡಲಿ. ಇಂಡೆಂಟ್ (ಸಾಲಿನ ಆರಂಭದ ಖಾಲಿ ಜಾಗ) ತಪ್ಪಿ ಕ್ಲಾಸಿನ ಹೊರಗೆ ಹೋದರೆ ಏನೂ ಬದಲಾಗಲ್ಲ, ಎರರ್ ಕೂಡ ಬರಲ್ಲ. ಟೇಬಲ್ ಬದಲಾಗದ ಕಾರಣ ಮೈಗ್ರೇಷನ್ (ಡೇಟಾಬೇಸ್ ಟೇಬಲ್ ಬದಲಿಸುವ ಹೆಜ್ಜೆ) ಬೇಡ. ‘ಯೂನಿಕೋಡ್’ ಮೆಥಡ್ ಬರೆಯಿರಿ ಅನ್ನುವ ಹಳೆಯ ಪಾಠಗಳನ್ನು ಬಿಟ್ಟುಬಿಡಿ. ಅದು ಪೈಥಾನ್ 2ರ ಕಾಲದ್ದು. 2017ರಲ್ಲಿ ಬಂದ ಜಾಂಗೋ 2.0 ಪೈಥಾನ್ 2ರ ಬೆಂಬಲ ಕೈಬಿಟ್ಟಿತು. ಈಗ ಕನ್ನಡದ ಹೆಸರೂ ಸಲೀಸಾಗಿ ಬರುತ್ತದೆ.

ಇದು ಬರೀ ಅಂದದ ಮಾತಲ್ಲ. ಪುಸ್ತಕ ಎರವಲು ಕೊಡುವ ಫಾರ್ಮಿನ ಡ್ರಾಪ್‌ಡೌನ್‌ನಲ್ಲೂ ಇದೇ ಹೆಸರು ಬರುತ್ತದೆ. ಕೌಂಟರಿನಲ್ಲಿ ಕೂತವರು ‘ಆಬ್ಜೆಕ್ಟ್ (47)’ ನೋಡಿ ಯಾವ ಪುಸ್ತಕ ಅಂತ ಹೇಗೆ ಹೇಳಬೇಕು? ಒಂದೇ ಹೆಸರಿನ ಪುಸ್ತಕಗಳಿದ್ದರೆ ಲೇಖಕರ ಹೆಸರನ್ನೂ ಸೇರಿಸಿ. ಆದರೆ ಲೇಖಕರು ಬೇರೆ ಟೇಬಲ್‌ನಲ್ಲಿದ್ದರೆ ಪ್ರತಿ ಸಾಲಿಗೂ ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಹೋಗಿ ಪಟ್ಟಿ ನಿಧಾನವಾಗುತ್ತದೆ. ಆಗ ಅಡ್ಮಿನ್ ಕ್ಲಾಸಿನ ‘ಲಿಸ್ಟ್ ಸೆಲೆಕ್ಟ್ ರಿಲೇಟೆಡ್’ನಲ್ಲಿ ಲೇಖಕರ ಫೀಲ್ಡ್ ಕೊಡಿ.

ಟೈಟಲ್ ‘ನನ್’ (None, ಅಂದರೆ ಏನೂ ಇಲ್ಲ) ಆಗಿರುವ ದಾಖಲೆ ಒಂದಿದ್ದರೂ ಪುಟ ತೆರೆಯುವಾಗ ಟೈಪ್‌ಎರರ್ ಬರುತ್ತದೆ. ಅಂಥದ್ದಕ್ಕೆ ‘ಹೆಸರಿಲ್ಲ’ ಅಂತ ರಿಟರ್ನ್ ಮಾಡಿ.