ರೀಲಿನ ಪಾರ್ಸೆಲ್ಲು, ಸುಂಕದ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಮೆರಾ ರೀಲಿನ ಬಗ್ಗೆಯೇ ಇವೆ. ನನಗೆ ತುಂಬಾ ಖುಷಿಯಾಯಿತು. ದಾವಣಗೆರೆ ಅಶೋಕ ರಸ್ತೆಯ ಪಕ್ಕದಲ್ಲಿ ನಮ್ಮಪ್ಪನ ಸ್ಟುಡಿಯೋ ಇತ್ತು. ನಾನು ಮಾತ್ರ ಬೆಂಗಳೂರಿನಲ್ಲಿ ಕ್ಲಿಯರಿಂಗ್ ಏಜೆಂಟರ ಆಫೀಸು ಸೇರಿ, ನಿವೃತ್ತಿ ಆಗುವವರೆಗೂ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿಗೆ ಕಸ್ಟಮ್ಸಿಗೆ ಕೊಡುವ ಅರ್ಜಿ, ತುಂಬಿದವಳು. ರೀಲು, ಸುಂಕ ಎರಡೂ ಸೇರಿದ ಪ್ರಶ್ನೆ ಬಂದರೆ ನಾನು ಬಿಡುವವಳಲ್ಲ.

ಪ್ರಶ್ನೆ: ಅಕ್ಕಾ, ತಾತನ ಹಳೇ ಯಾಶಿಕಾ ಕ್ಯಾಮೆರಾ ಸರಿ ಮಾಡಿಸಿದ್ದೇನೆ. ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ ಎಲ್ಲ ಅದರಲ್ಲೇ ತೆಗೆಯುವ ಆಸೆ. ಇಂಗ್ಲೆಂಡಿನಿಂದ ಕಪ್ಪು-ಬಿಳುಪಿನ 120 ರೀಲು ಅಂಚೆಯಲ್ಲಿ ತರಿಸಿದೆ. ಮಾರಿದವರು ಲೇಬಲ್ ಮೇಲೆ ಬರೀ ‘ಫೋಟೋ ಸಾಮಾನು’ ಅಂತ ಬರೆದಿದ್ದರು. ಪಾರ್ಸೆಲ್ಲು ಕಸ್ಟಮ್ಸಿನಲ್ಲಿ ಬಹಳ ದಿನ ಕೂತಿತ್ತು. ಕೊನೆಗೆ ಪೋಸ್ಟ್‌ಮ್ಯಾನ್ ಬಂದು ಸುಂಕ ಕಟ್ಟಿ ಅಂದರು. ಯಾವ ಲೆಕ್ಕದಲ್ಲಿ ಅಂತ ಕೇಳಿದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ರೀಲಿಗೆ ಅಂತಲೇ ಒಂದು ದರ ಇಲ್ವಾ?
– ಓದುಗ, ಚಿತ್ರದುರ್ಗ

ಉತ್ತರ: ಇದೆ ತಮ್ಮಾ. ಆದರೆ ನಿಮ್ಮ ಪಾರ್ಸೆಲ್ಲಿಗೆ ಹತ್ತಿದ್ದು ಆ ದರ ಅಲ್ಲದೇ ಇರಬಹುದು. ಯಾಕೆ ಅಂತ ಹೇಳುತ್ತೇನೆ.

ಪ್ರಪಂಚದ ಸರಕನ್ನೆಲ್ಲ ಅಧ್ಯಾಯಗಳಾಗಿ ವಿಂಗಡಿಸಿದ ಪಟ್ಟಿ ಒಂದಿದೆ. ಎಚ್‌ಎಸ್ ಅಂತಾರೆ. ಹೆಚ್ಚುಕಮ್ಮಿ ಎಲ್ಲಾ ದೇಶಗಳೂ ಇದನ್ನೇ ಬಳಸುತ್ತವೆ. ನಮ್ಮ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಪಟ್ಟಿಯೂ ಇದರ ಮೇಲೇ ನಿಂತಿದೆ. ಅದರಲ್ಲಿ 37ನೇ ಅಧ್ಯಾಯ ಪೂರ್ತಿ ಫೋಟೋ ಮತ್ತು ಸಿನಿಮಾ ಸಾಮಗ್ರಿಗೆ. ಹಾಳೆಯಂತೆ ಚಪ್ಪಟೆಯಾಗಿರುವ ಫಿಲಂನ ಕೋಡು 3701. ಸುತ್ತಿದ ರೀಲು 3702. ಫೋಟೋ ಪೇಪರ್ 3703. ಡೆವಲಪರ್, ಹೈಪೋ ಥರದ ರಾಸಾಯನಿಕ 3707.

ನಿಮ್ಮದು 3702. ಅದರೊಳಗೆ ಇಳಿದರೆ ಕಸ್ಟಮ್ಸಿನವರು ಕೇಳುವ ಪ್ರಶ್ನೆಗಳು ಬೇರೆಯೇ. ಯಾವ ಕಂಪನಿ, ಎಷ್ಟು ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) ಅಂತ ಕೇಳುವುದಿಲ್ಲ. ಅಂಚಿನಲ್ಲಿ ತೂತು ಇದೆಯಾ ಇಲ್ವಾ? ಅಗಲ ಎಷ್ಟು? ಉದ್ದ ಎಷ್ಟು? ಕಲರ್ರಾ, ಕಪ್ಪು-ಬಿಳುಪಾ? ನಿಮ್ಮ 120 ರೀಲನ್ನೇ ನೋಡಿ. ಹಿಂದೆ ಕಾಗದ ಅಂಟಿಸಿ ಸುತ್ತಿರುತ್ತಾರೆ, ಅಗಲ ಸುಮಾರು ಆರು ಸೆಂಟಿಮೀಟರ್, ಅಂಚು ನುಣ್ಣಗೆ. ತೂತಿಲ್ಲದ, 105 ಮಿಲಿಮೀಟರಿಗಿಂತ ಅಗಲ ಇಲ್ಲದ ರೀಲು ಅಂತ ಅದಕ್ಕೆ ಒಂದು ಗುಂಪು. ಕಲರ್ ಆದರೆ 3702 31, ನಿಮ್ಮ ಹಾಗೆ ಕಪ್ಪು-ಬಿಳುಪಿನ ಬೆಳ್ಳಿ ಲೇಪನದ್ದಾದರೆ 3702 32. ಮದುವೆ ಮನೆಯಲ್ಲಿ ಎಲ್ಲರೂ ಬಳಸುತ್ತಿದ್ದ 35 ಎಂಎಂ ರೀಲಿಗೆ ಎರಡೂ ಅಂಚಿನಲ್ಲಿ ಚೌಕ ತೂತಿನ ಸಾಲು ಇರುತ್ತದೆ. ಅದು ಬೇರೆ ಗುಂಪು.

ಈಗ ನಿಮ್ಮ ವಿಷಯ. ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ತರಿಸಿಕೊಂಡ ಸಾಮಾನಿಗೆ ನಮ್ಮ ದೇಶ ಪ್ರತ್ಯೇಕ ಜಾಗ ಮಾಡಿಕೊಂಡಿದೆ. ಎಚ್‌ಎಸ್‌ನ ಪಟ್ಟಿ 97ನೇ ಅಧ್ಯಾಯಕ್ಕೆ ಮುಗಿಯುತ್ತದೆ. 98ನೆಯದು ನಾವೇ ಸೇರಿಸಿಕೊಂಡದ್ದು. ಅದರ 9804ರಲ್ಲಿ ರೀಲು, ಬೂಟು, ಆಟದ ಸಾಮಾನು ಎಲ್ಲಕ್ಕೂ ಒಂದೇ ದರ. ಆ ಮೂಲ ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸುವುದಾಗಿ 2026ರ ಬಜೆಟ್‌ನಲ್ಲಿ ಹೇಳಿದರು. ನಿಮ್ಮಂಥವರಿಗೆ ಇದು ನಿಜವಾಗಿ ಒಳ್ಳೆಯ ಸುದ್ದಿ. ಫೆಬ್ರವರಿಯಲ್ಲಿ ಬಜೆಟ್ ಬಂದ ಮೇಲೆ ಒಮ್ಮೆ ದರ ನೋಡಿಕೊಂಡೇ ಆರ್ಡರ್ ಮಾಡಿ.

ಹಾಗಾದರೆ ಲೇಬಲ್ ಮೇಲೆ ಏನು ಬರೆದರೇನು ಅಂತ ಕೇಳಬೇಡಿ. ‘ಫೋಟೋ ಸಾಮಾನು’ ಅಂದರೆ ಲೆನ್ಸ್ ಇರಬಹುದು, ಫ್ಲ್ಯಾಶ್ ಇರಬಹುದು, ಮಾರಾಟಕ್ಕೆ ತರಿಸಿದ್ದೂ ಇರಬಹುದು. ಅಧಿಕಾರಿ ಬಿಚ್ಚಿ ನೋಡಲೇಬೇಕಾಗುತ್ತದೆ. ದಿನಗಳು ಹೋಗುವುದು ಅಲ್ಲೇ. ಮುಂದಿನ ಸಲ ಮಾರುವವರಿಗೆ ಮೊದಲೇ ಬರೆಯಿರಿ: ಫೋಟೋ ಫಿಲಂ, ಬೆಳಕು ತಾಗಿಲ್ಲ, 120, ಕಪ್ಪು-ಬಿಳುಪು, ಐದು ರೀಲು, ಸ್ವಂತ ಬಳಕೆಗೆ. ಕೊಟ್ಟ ದುಡ್ಡು ಎಷ್ಟೋ ಅಷ್ಟನ್ನೇ ನಮೂದಿಸಲಿ. ಇನ್‌ವಾಯ್ಸ್ ಪಾರ್ಸೆಲ್ಲಿನ ಹೊರಗೆ ಅಂಟಿಸಲಿ. ಕಡಿಮೆ ಬೆಲೆ ಬರೆಸಿಕೊಳ್ಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಧಿಕಾರಿಗೆ ಅನುಮಾನ ಬಂದರೆ ಆ ಬೆಲೆಯನ್ನು ಒಪ್ಪದೆ ತಾವೇ ಬೆಲೆ ಕಟ್ಟಬಹುದು. ಆಮೇಲೆ ನೀವು ನಿಜ ಹೇಳಿದರೂ ಯಾರು ನಂಬುತ್ತಾರೆ?

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಸ್ಟುಡಿಯೋ. ಈಗಿನ ಹುಡುಗರು ಮತ್ತೆ ರೀಲು ಕೇಳುತ್ತಿದ್ದಾರೆ. ನೂರು ಅಡಿಯ ದೊಡ್ಡ ಸುರುಳಿ ತರಿಸಿ, ನಾವೇ ಡಬ್ಬಿಗೆ ತುಂಬಿ ಮಾರೋಣ ಅಂತಿದ್ದೇನೆ. ಬಿಡಿ ರೀಲಿಗೂ ಇದಕ್ಕೂ ಸುಂಕದಲ್ಲಿ ವ್ಯತ್ಯಾಸ ಇದೆಯಾ?
– ಸ್ಟುಡಿಯೋ ಮಾಲೀಕರು, ದಾವಣಗೆರೆ

ಉತ್ತರ: ಅಣ್ಣಾ, ನಿಮ್ಮ ಪತ್ರ ಓದಿ ಅಪ್ಪನ ಡಾರ್ಕ್ ರೂಮು ಕಣ್ಣ ಮುಂದೆ ಬಂತು. ಕತ್ತಲಲ್ಲಿ ಫಿಲಂ ಅಳೆದು, ಕತ್ತರಿಸಿ, ಹಳೇ ಡಬ್ಬಿಗೇ ಸುತ್ತಿ ತುಂಬುತ್ತಿದ್ದರು. ನೂರು ಅಡಿಗೆ 36 ಫೋಟೋದ ರೀಲು ಹದಿನೆಂಟರ ಆಸುಪಾಸು ಸಿಗುತ್ತದೆ.

ವ್ಯತ್ಯಾಸ ಇದೆ. ಅದೂ ಬಹಳ ಸಣ್ಣ ಜಾಗದಲ್ಲಿ. 35 ಎಂಎಂ ರೀಲಿಗೆ ಪಟ್ಟಿಯಲ್ಲಿ 30 ಮೀಟರಿನ ಗೆರೆ ಹಾಕಿದ್ದಾರೆ. ಕಪ್ಪು-ಬಿಳುಪಿನದು 30 ಮೀಟರಿನವರೆಗೆ ಇದ್ದರೆ 3702 96, ಅದು ದಾಟಿದರೆ 3702 97. 36 ಫೋಟೋದ ಒಂದು ರೀಲು ಎರಡು ಮೀಟರೂ ಇಲ್ಲ. ಆದರೆ ನೂರು ಅಡಿ ಅಂದರೆ 30.48 ಮೀಟರ್. ಅರ್ಧ ಮೀಟರಿಗೂ ಕಡಿಮೆ ಅಂತರದಲ್ಲಿ ನಿಮ್ಮ ಸುರುಳಿ ಗೆರೆ ದಾಟಿಬಿಟ್ಟಿತು. ಕಲರ್ ಫಿಲಂಗೂ ಇದೇ ಗೆರೆ: ಈಚೆಗೆ 3702 54, ಆಚೆಗೆ 3702 55. ಸ್ಲೈಡ್ ತೆಗೆಯುವ ಚಿಕ್ಕ ರೀಲಿಗೆ ಮಾತ್ರ 3702 53. ಎರಡೂ ಕಡೆ ದರ ಒಂದೇ ಇದ್ದರೂ ಕೋಡು ತಪ್ಪಾಗಿ ಬರೆದರೆ ಬಿಲ್ಲು ವಾಪಸ್ ಬರುತ್ತದೆ. ಏಜೆಂಟರು ಅವಸರದಲ್ಲಿ ಚಿಕ್ಕ ರೀಲಿನ ಕೋಡು ಹಾಕುವುದು ಇಲ್ಲೇ. ಉದ್ದವನ್ನು ಮೀಟರಿನಲ್ಲಿ ಬರೆಯಿಸಿ.

ನಿಮ್ಮದು ವ್ಯಾಪಾರ. ಹಾಗಾಗಿ 9804ರ ದಾರಿ ನಿಮಗಿಲ್ಲ. ಐಇಸಿ ಅನ್ನುವ ಆಮದು-ರಫ್ತು ಕೋಡು ಮಾಡಿಸಿಕೊಳ್ಳಿ. ಲೆಕ್ಕ ಹೀಗೆ ಬೆಳೆಯುತ್ತದೆ. ಫಿಲಂ ಬೆಲೆ 8,000 ರೂಪಾಯಿ, ವಿಮಾನದ ಸಾಗಾಣಿಕೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ವಿಮಾನದಲ್ಲಿ ಬಂದ ಸರಕಿಗೆ ಸಾಗಾಣಿಕೆಯನ್ನು ಸರಕಿನ ಬೆಲೆಯ ಶೇ. 20ಕ್ಕಿಂತ ಜಾಸ್ತಿ ಸೇರಿಸುವ ಹಾಗಿಲ್ಲ. 2007ರ ಬೆಲೆ ನಿಗದಿ ನಿಯಮದಲ್ಲೇ ಇದೆ. ಅಂದರೆ 3,000 ಅಲ್ಲ, 1,600 ಮಾತ್ರ. ಇದನ್ನು ಕೇಳಿ ಪಡೆಯಿರಿ. ಎಷ್ಟೋ ಜನ ಸುಮ್ನೆ ಪೂರ್ತಿ ಮೊತ್ತದ ಮೇಲೆ ಕಟ್ಟಿ ಬರುತ್ತಾರೆ. ವಿಮೆ ಎಷ್ಟು ಅಂತ ಕಾಗದದಲ್ಲಿ ಇಲ್ಲದಿದ್ದರೆ ಶೇ. 1.125, ಅಂದರೆ 90 ರೂಪಾಯಿ. ಒಟ್ಟು 9,690. ಮೂಲ ಸುಂಕ ಶೇ. 10 ಇದ್ದರೆ 969 ರೂಪಾಯಿ. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, 97 ರೂಪಾಯಿ. ಇವೆಲ್ಲ ಸೇರಿದ ಮೊತ್ತದ ಮೇಲೆ ಶೇ. 18ರಂತೆ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ), 1,936 ರೂಪಾಯಿ. ಹತ್ತಿರ ಹತ್ತಿರ 3,002 ರೂಪಾಯಿ ಕಟ್ಟಬೇಕಾಗುತ್ತದೆ.

ಗಾಬರಿ ಆಗಬೇಡಿ. ಜಿಎಸ್‌ಟಿ ನೋಂದಣಿ ಇದ್ದರೆ ಆ 1,936 ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ನೀವು ಮಾರಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ನಿಜವಾಗಿ ಕೈಬಿಟ್ಟು ಹೋಗುವುದು 1,066 ರೂಪಾಯಿ. ರೀಲಿನ ಬೆಲೆ ಇಡುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಹುಡುಗರಿಗೆ ಹೊರೆ ಆಗದಿರಲಿ.

ಒಂದು ಮಾತು ಹೇಳಲೇಬೇಕು. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅಂತ ಸರ್ಕಾರದ ಕಾರ್ಖಾನೆ ಇತ್ತು. ಕಂಪನಿ ಶುರುವಾದದ್ದು 1960ರಲ್ಲಿ. ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲಂ, ಪೇಪರ್ ಅಪ್ಪನ ಕಪಾಟಿನಲ್ಲಿ ಯಾವಾಗಲೂ ಇರುತ್ತಿತ್ತು. ಆ ಕಾರ್ಖಾನೆ ಉಳಿಯಲಿ ಅಂತ ಹೊರಗಿನ ರೀಲಿಗೆ ಸುಂಕ ಹಾಕಿದರೆ ಅದಕ್ಕೆ ಅರ್ಥ ಇತ್ತು. ಈಗ ಅದು ಮುಚ್ಚಿದೆ. ಇಂಗ್ಲೆಂಡು, ಅಮೆರಿಕ, ಜೆಕ್ ದೇಶದಿಂದ ಬರುವ ರೀಲಿನ ಮೇಲೆ ಸುಂಕ ಹಾಕಿ ನಾವು ಯಾರನ್ನು ಕಾಪಾಡುತ್ತಿದ್ದೇವೆ? ಫೋಟೋ ರೀಲಿನ ಮೂಲ ಸುಂಕ ತೆಗೆಯಬೇಕು ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ಸ್ಲೈಡ್ ರೀಲು ತೆಗೆದಿದ್ದೇನೆ. ತೊಳೆಸುವುದಕ್ಕೆ ಜರ್ಮನಿಯಲ್ಲಿರುವ ಗೆಳೆಯನಿಗೆ ಕಳಿಸಬೇಕು. ವಾಪಸ್ ಬರುವಾಗ ಮತ್ತೆ ಹೊಸ ರೀಲಿನಂತೆ ಸುಂಕ ಬೀಳುತ್ತಾ?
– ಓದುಗಿ, ಹರಿಹರ

ಉತ್ತರ: ಕಸ್ಟಮ್ಸಿನ ಕಣ್ಣಿಗೆ ಅದು ಅದೇ ರೀಲು ಅಲ್ಲ ತಂಗೀ. ಬೆಳಕು ತಾಗದೇ ಇದ್ದಾಗ 3702. ಫೋಟೋ ತೆಗೆದು ಇನ್ನೂ ತೊಳೆಯದೇ ಇದ್ದರೆ 3704. ತೊಳೆದ ಮೇಲೆ 3705. ಅದರಿಂದ ಪ್ರಿಂಟು ಹಾಕಿಸಿದರೆ 37ನೇ ಅಧ್ಯಾಯವನ್ನೇ ಬಿಟ್ಟು ಮುದ್ರಿತ ಚಿತ್ರಗಳ ಜೊತೆ 4911ಕ್ಕೆ ಹೋಗುತ್ತದೆ. ನನಗೆ ಈ ಪಟ್ಟಿಯಲ್ಲಿ ತುಂಬಾ ಇಷ್ಟವಾದ ಜಾಗ ಇದು. ಪ್ಲಾಸ್ಟಿಕ್ಕು ಅದೇ, ಅಗಲ-ಉದ್ದ ಅದೇ. ಬೆಳಕು ಬಿದ್ದ ಒಂದು ಕ್ಷಣಕ್ಕೆ ಮನೆ ಬದಲಾಗುತ್ತದೆ.

ಸಿನಿಮಾ ಫಿಲಂ ಕೂಡ ಹೊಸದಾಗಿದ್ದಾಗ ನಿಮ್ಮ ರೀಲಿನ ಜೊತೆ 3702ರಲ್ಲೇ ಇರುತ್ತದೆ. ಶೂಟಿಂಗ್ ಮುಗಿದು ತೊಳೆದ ಮೇಲೆ ಮಾತ್ರ ಬೇರೆಯಾಗಿ 3706ಕ್ಕೆ ಹೋಗುತ್ತದೆ. ಟಾಕೀಸಿಗೆ ತಗಡಿನ ಡಬ್ಬಿಯಲ್ಲಿ ಬರುತ್ತಿದ್ದ ರೀಲುಗಳ ಕೋಡು ಅದು.

ಕಳಿಸುವಾಗ ‘ಫೋಟೋ ತೆಗೆದ ಫಿಲಂ, ತೊಳೆದಿಲ್ಲ’ ಅಂತ ಬರೆಯಿರಿ. ‘ತೊಳೆಸುವುದಕ್ಕೆ ಕಳಿಸಿದೆ’ ಅಂತಲೂ ಸೇರಿಸಿ. ರಸೀದಿ ಇಟ್ಟುಕೊಳ್ಳಿ. ವಾಪಸ್ ಬರುವ ಪಾರ್ಸೆಲ್ಲಿನ ಮೇಲೆ ‘ತೊಳೆದ ಫಿಲಂ’ ಅಂತ, ತೊಳೆದ ಕೂಲಿ ಎಷ್ಟು ಅಂತ ಗೆಳೆಯ ಬರೆಯಲಿ. ಯಾರಾದರೂ ಊರಿಂದ ಹೋಗಿಬರುವವರು ಸಿಕ್ಕರೆ ಕೈಚೀಲದಲ್ಲಿ ಕಳಿಸುವುದು ಇನ್ನೂ ಒಳ್ಳೆಯದು. ಈಗ ವಿಮಾನ ನಿಲ್ದಾಣಗಳಿಗೆ ಬರುತ್ತಿರುವ ಸಿಟಿ ಸ್ಕ್ಯಾನರ್ ತೊಳೆಯದ ಫಿಲಂ ಮೇಲೆ ಮಂಜು ಹಿಡಿಸುತ್ತದೆ. ಸಾಮಾನಿಗೆ ಹಾಕುವ ಎಕ್ಸ್‌ರೇ ಅಂತೂ ಬೇಡವೇ ಬೇಡ. ಪಾರದರ್ಶಕ ಕವರಿನಲ್ಲಿ ಹಾಕಿ, ಕೈಯಲ್ಲಿ ನೋಡಿ ಅಂತ ಕೇಳಿಕೊಳ್ಳಬೇಕು.

ಪ್ರಶ್ನೆ: ನಾನು ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಫಿಲಂ ಕೂಡ ಇದೇ ಅಧ್ಯಾಯವಾ? ಅದರಲ್ಲಿ ಬೆಳಕೇ ಇಲ್ವಲ್ಲ.
– ಓದುಗ, ದಾವಣಗೆರೆ

ಉತ್ತರ: ಇದೇ ಅಧ್ಯಾಯ. ಬೆಳಕು ‘ಅಥವಾ ಬೇರೆ ವಿಕಿರಣ’ದಿಂದ ಚಿತ್ರ ಮೂಡಿದರೂ ಫೋಟೋನೇ ಅಂತ ಅಧ್ಯಾಯದ ಶುರುವಿನ ಟಿಪ್ಪಣಿಯಲ್ಲಿದೆ. ಹಾಳೆಯಾಗಿದ್ದರೆ 3701 10. ವೈದ್ಯಕೀಯ ಎಕ್ಸ್‌ರೇ ಫಿಲಂನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ.

ಪ್ರಶ್ನೆ: ಸುಂಕ ಪೂರ್ತಿ ತೆಗೆದರೆ ಹೊರಗಿನ ರೀಲು ಅಂಗಡಿ ಅಂಗಡಿಗೂ ಬರುತ್ತದೆ ಅಲ್ವಾ ಮೇಡಂ? ಕಾಲೇಜಿನಲ್ಲಿ ಚರ್ಚೆ ಆಗುತ್ತಿದೆ.
– ವಾಣಿಜ್ಯ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಸುಂಕ ಒಂದೇ ಅಡ್ಡಿ ಅಲ್ಲಮ್ಮ. ಚರ್ಚೆಗೆ ಜಪಾನಿನ ಪ್ರಕರಣ ತೆಗೆದುಕೊಂಡು ಹೋಗು. ರೀಲಿನ ಮೇಲಿನ ಸುಂಕವನ್ನು ಜಪಾನ್ ಹಂತ ಹಂತವಾಗಿ ಇಳಿಸಿತ್ತು. ಆದರೂ ತನ್ನ ರೀಲು ಅಲ್ಲಿನ ಅಂಗಡಿಗಳನ್ನು ಮುಟ್ಟುತ್ತಿಲ್ಲ, ಹಂಚುವ ಸಗಟು ವ್ಯಾಪಾರಿಗಳೆಲ್ಲ ಫ್ಯೂಜಿಯ ಕಡೆಯೇ ಇದ್ದಾರೆ ಅಂತ 1995ರಲ್ಲಿ ಕೊಡಕ್ ಅಮೆರಿಕ ಸರ್ಕಾರಕ್ಕೆ ದೂರು ಕೊಟ್ಟಿತು. ವಿಷಯ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು. 1998ರಲ್ಲಿ ಅಮೆರಿಕದ ವಾದ ಬಿದ್ದುಹೋಯಿತು. ಸರ್ಕಾರದ ಕ್ರಮದಿಂದಲೇ ಹೀಗಾಯಿತು ಅಂತ ಸಾಬೀತು ಮಾಡಲು ಆಗಲಿಲ್ಲ. ಸುಂಕ ಇಳಿಯಬೇಕು ಅಂತ ಮೇಲೆ ಬರೆದವಳು ನಾನೇ. ಆದರೂ ನಮ್ಮೂರಿನ ಅಂಗಡಿಗೆ ರೀಲು ಬರಬೇಕಾದರೆ ತರಿಸಿ ಇಡುವ ವ್ಯಾಪಾರಿ ಬೇಕು, ಊರಲ್ಲೇ ತೊಳೆದುಕೊಡುವವರು ಬೇಕು.

ಪ್ರಶ್ನೆ: ಒಂದೇ ಸಲ ಬಳಸಿ ಬಿಸಾಡುವ, ರೀಲು ತುಂಬಿದ ಕ್ಯಾಮೆರಾ ಯಾವುದಕ್ಕೆ ಸೇರುತ್ತದೆ?
– ಓದುಗ, ಹಿರಿಯೂರು

ಉತ್ತರ: ಅದು ಕ್ಯಾಮೆರಾ. 9006. ಒಳಗೆ ರೀಲು ಇದೆ ಅಂತ 37ಕ್ಕೆ ಬರುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ನನ್ನ ಹುಟ್ಟುಹಬ್ಬಕ್ಕೆ ರೀಲು ಕಳಿಸುತ್ತಾನಂತೆ. ‘ಗಿಫ್ಟ್’ ಅಂತ ಬರೆದರೆ ಸುಂಕ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?
– ಓದುಗಿ, ಜಗಳೂರು

ಉತ್ತರ: ಮೊದಲು 5,000 ರೂಪಾಯಿವರೆಗೆ ಅಂಥ ರಿಯಾಯಿತಿ ಇತ್ತು. 2019ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಈಗ ಅಂಚೆ, ಕೊರಿಯರ್‌ನಲ್ಲಿ ಗಿಫ್ಟ್ ಅಂತ ಸುಂಕವಿಲ್ಲದೆ ಬರಬಹುದಾದದ್ದು ಜೀವ ಉಳಿಸುವ ಔಷಧಿ ಮತ್ತು ರಾಖಿ ಮಾತ್ರ. ಉಡುಗೊರೆ ಕಳಿಸಬಾರದು ಅಂತಲ್ಲ, ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಳ್ಳಬಹುದು. ಅಣ್ಣ ಈ ವರ್ಷ ಊರಿಗೆ ಬರುವವರಿದ್ದರೆ ಅವರ ಬ್ಯಾಗಿನಲ್ಲೇ ತರಲಿ. ಪ್ರಯಾಣಿಕರಿಗೆ ಸುಂಕವಿಲ್ಲದ ಮಿತಿ ಬೇರೆ ಇದೆ, ಅದು ತಲಾ ಒಬ್ಬೊಬ್ಬರಿಗೆ. ಅತ್ತಿಗೆಯದನ್ನೂ ಅಣ್ಣನದನ್ನೂ ಕೂಡಿಸಿ ಒಂದೇ ಲೆಕ್ಕ ಮಾಡುವ ಹಾಗಿಲ್ಲ. ಅಂಗಡಿಯ ಬಿಲ್ಲು ಜೊತೆಗಿರಲಿ, ರೀಲು ಕೈಚೀಲದಲ್ಲಿರಲಿ.